ಮೂರು ಕಾಲಿನ ಜಮಾಖರ್ಚು

ಕಳೆದ ವರ್ಷ ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ನಮೂದಾದ ಅತಿ ದೊಡ್ಡ ವ್ಯಯವು ಕರಿಯನೆಂಬ ನಮ್ಮ ನಾಯಿಯ ಎಡ ಮುಂಗಾಲನ್ನು ತೆಗೆಸಿದ್ದಕ್ಕೂ ಆಮೇಲಿನ ಶುಶ್ರೂಷೆಗೂ ಸಂಬಂಧಪಟ್ಟದ್ದು. ಈ ಅಂಕಣದಲ್ಲಿ ಠೇವಣಿ, ಮ್ಯೂಚುಯಲ್ ಫಂಡ್, ತೆರಿಗೆಗಳ ವಿಚಾರವನ್ನು ಓದುವ ಅಭ್ಯಾಸವುಳ್ಳವರು ನಾಯಿಯ ಕಾಲಿನ ಪ್ರಸ್ತಾಪವನ್ನು ಕಂಡು ಹುಬ್ಬೇರಿಸಬಹುದು. ಆದರೆ ಸಂಸಾರವೊಂದರ ಹಣವು ಕೆಲವೇ ದಿನಗಳೊಳಗೆ, ಮನಸ್ಸು ಕಲಕಿರುವ ಹೊತ್ತಿನಲ್ಲಿ, ನಾಲ್ಕು ಕಡೆ ದರ ವಿಚಾರಿಸುವ ವ್ಯವಧಾನವಿಲ್ಲದೆ ಹೊರಟುಹೋಗುವ ಪ್ರಸಂಗಗಳಲ್ಲಿ ಇದಕ್ಕಿಂತ ಪರಿಶೀಲನಾರ್ಹವಾದುದನ್ನು ನಾನು ಇತ್ತೀಚೆಗೆ ಕಂಡಿಲ್ಲ.

ಕರಿಯನು ಲ್ಯಾಬ್ರಡಾರ್ ತಾಯಿಗೆ ಹುಟ್ಟಿದ ಮಿಶ್ರತಳಿಯವನು, ವಯಸ್ಸು ಎಂಟು, ವ್ಯಾಧಿ ಗೋಚರವಾದ ಕಾಲದಲ್ಲಿ ಅವನ ತೂಕ 36 ಕಿಲೋ. ಕುಂಟತೊಡಗಿದಾಗ ಉಳುಕೆಂದು ಭಾವಿಸಿ ಮಾತ್ರೆ ಕೊಡಿಸಿದೆವು. ಮಾತ್ರೆಗೆ ಕುಂಟು ತಗ್ಗಿತು, ನಿಲ್ಲಿಸಿದೊಡನೆ ಮರಳಿತು. ಅಷ್ಟರಲ್ಲಿ ಮಣಿಕಟ್ಟಿನ ಮೇಲ್ಗಡೆ, ಮುಟ್ಟಿದರೆ ಅವನು ಹಲ್ಲು ತೋರಿಸುವಂಥ ಗಟ್ಟಿಯಾದ ಊತವೊಂದು ಕಾಣಿಸಿಕೊಂಡಿತು. ಎಕ್ಸ್-ರೇ ತೆಗೆಸಿ, ಸೂಜಿಯಿಂದ ಕೋಶಗಳನ್ನು ಹೀರಿ ಪರೀಕ್ಷಿಸಿದ ಮೇಲೆ ನಿಶ್ಚಯವಾದದ್ದು ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯ ಕ್ಯಾನ್ಸರು. ನಾಯಿಗಳ ಮೂಳೆಯಲ್ಲಿಯೇ ಹುಟ್ಟುವ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು 85 ಇದೇ ಜಾತಿಯವು. ದೊಡ್ಡ ಮೈಕಟ್ಟಿನ, ನಡುವಯಸ್ಸು ದಾಟಿದ ನಾಯಿಗಳನ್ನು ಇದು ಹೆಚ್ಚಾಗಿ ಹಿಡಿಯುತ್ತದೆ. ಎದೆಯ ಎಕ್ಸ್-ರೇ ನಿರ್ಮಲವಾಗಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಏಕೆಂದರೆ ಪತ್ತೆಯಾಗುವ ವೇಳೆಗೆ ನೂರರಲ್ಲಿ 90 ನಾಯಿಗಳಲ್ಲಿ ರೋಗದ ಕಣಗಳು ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾಗಿ ಆಗಲೇ ಹರಡಿರುತ್ತವೆ.

“ಸರ್, ಆ ಕಾಲಿನ ಮೇಲೆ ಅವನು ಭಾರ ಹಾಕೋದು ಬಿಟ್ಟು ಆಗಲೇ ಬಹಳ ದಿನ ಆಗಿದೆ. ಮೂರು ಕಾಲಲ್ಲಿ ನಡೆಯೋದನ್ನ ಅವನೇ ಕಲಿತುಕೊಂಡಿದ್ದಾನೆ. ಆ ಕಾಲಿಂದ ಇನ್ನು ಅವನಿಗೆ ಸಿಗೋದು ನೋವು ಒಂದೇ,” ಎಂದರು ವೈದ್ಯರು.

ಇಲ್ಲಿ ಎರಡು ಪ್ರತ್ಯೇಕವಾದ ಕ್ರಯಗಳಿವೆ, ಮತ್ತು ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆದು ಕೆಳಗೆ ಮೊತ್ತ ಹಾಕುವುದರಿಂದಲೇ ಮುಕ್ಕಾಲು ಪಾಲು ಗೊಂದಲವುಂಟಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಲನ್ನು ತೆಗೆಸುವುದರಿಂದ ದೊರೆಯುವುದು ವೇದನೆಯಿಂದ ಬಿಡುಗಡೆ. ಕ್ಯಾನ್ಸರು ತಿಂದ ಮೂಳೆಯ ನೋವು ಮಾತ್ರೆಗಳಿಗೆ ಬಹುಕಾಲ ಮಣಿಯುವಂಥದ್ದಲ್ಲ, ಒಂದು ದಿನ ಸುಮ್ಮನೆ ಹೊಸಿಲು ದಾಟುವಾಗ ಆ ಮೂಳೆ ಮುರಿಯಲೂಬಹುದು. ಶಸ್ತ್ರಕ್ರಿಯೆಯೊಂದನ್ನೇ ಮಾಡಿಸಿದ ನಾಯಿಗಳಲ್ಲಿ ಅರ್ಧದಷ್ಟು ನಾಲ್ಕೈದು ತಿಂಗಳೊಳಗೆ ತೀರಿಹೋಗುತ್ತವೆ. ವರ್ಷ ಮುಟ್ಟುವುವು ನೂರಕ್ಕೆ 10ರ ಆಸುಪಾಸು. ಆಮೇಲೆ ಕೊಡಿಸುವ ಕೀಮೋಥೆರಪಿಯಿಂದ ದೊರೆಯುವುದು ಕಾಲಾವಧಿ. ಕಾರ್ಬೋಪ್ಲಾಟಿನ್ ಸೇರಿದರೆ ಆ ನಾಲ್ಕೈದು ತಿಂಗಳು 10ರಿಂದ 12 ತಿಂಗಳವರೆಗೆ ಬೆಳೆಯುತ್ತದೆ, ನೂರಕ್ಕೆ 10ರಿಂದ 20 ನಾಯಿಗಳು ಎರಡು ವರ್ಷವನ್ನೂ ದಾಟುತ್ತವೆ. ಮೊದಲನೆಯದನ್ನು ತಿಂಗಳುಗಳಿಂದ ಭಾಗಿಸಿ ನೋಡುವವನು ಲೆಕ್ಕದಲ್ಲಿ ನಿಪುಣನಾಗಿದ್ದರೂ ಎದುರಿಗಿರುವ ಪ್ರಾಣಿಯನ್ನು ನೋಡಿಲ್ಲ. ಎರಡನೆಯದನ್ನಾದರೋ ತಿಂಗಳುಗಳಿಂದ ಭಾಗಿಸಲೇಬೇಕು.

“ಅಷ್ಟು ದುಡ್ಡಿಗೆ ಹತ್ತು ಮರಿ ತರಬಹುದಿತ್ತಲ್ಲೋ,” ಎಂದ ನನ್ನಣ್ಣನಿಗೆ ನಾನು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಶಸ್ತ್ರಕ್ರಿಯೆಯೇ ಬೇಡವೆಂದು ನಿಶ್ಚಯಿಸಿ, ನೋವು ಮಿತಿಮೀರುವ ಮೊದಲೇ ವೈದ್ಯರ ಕೈಯಿಂದ ಪ್ರಾಣಿಗೆ ಶಾಂತವಾದ ಮರಣವನ್ನು ಕೊಡಿಸುವವರನ್ನು ನಾನು ಆಕ್ಷೇಪಿಸುವವನಲ್ಲ. ಅದೂ ಗೌರವಯುಕ್ತವಾದ ದಾರಿಯೇ. ಎರಡನ್ನೂ ಮಾಡದೆ, ಅಗ್ಗದ ಮಾತ್ರೆಯ ಮೇಲೆ ಪ್ರಾಣಿಯನ್ನಿಟ್ಟು, ಕಾಲವೇ ತೀರ್ಮಾನಿಸಲಿ ಎಂದು ಕೈಕಟ್ಟಿ ಕುಳಿತುಕೊಳ್ಳುವ ಮಿತವ್ಯಯವನ್ನು ಮಾತ್ರ ನಾನು ಒಪ್ಪಲಾರೆ. ಮನುಷ್ಯರ ಐಬುಪ್ರೊಫೇನ್, ಪ್ಯಾರಾಸಿಟಮಾಲ್‌ಗಳನ್ನು ಡಬ್ಬಿಯಿಂದ ತೆಗೆದು ಅಂದಾಜಿನ ಮೇಲೆ ಕೊಡುವವರಂತೂ ನಾಯಿಯ ಮೂತ್ರಪಿಂಡವನ್ನೋ ಯಕೃತ್ತನ್ನೋ ಪಣಕ್ಕಿಟ್ಟು ಹತ್ತು ರೂಪಾಯಿ ಉಳಿಸುತ್ತಾರೆ.

ಖರ್ಚು ಹೀಗಾಯಿತು: ಪರೀಕ್ಷೆಗಳಿಗೆ 9,500 ರೂಪಾಯಿ, ಅರಿವಳಿಕೆ, ಶಸ್ತ್ರಕ್ರಿಯೆ, ಒಳರೋಗಿಯಾಗಿ ಇಟ್ಟುಕೊಂಡದ್ದು, ಔಷಧಗಳು ಸೇರಿ 58,000, ಮನೆಯನ್ನು ಅವನಿಗೆ ಅನುಗುಣವಾಗಿ ಅಣಿಗೊಳಿಸಿದ್ದಕ್ಕೆ 11,500. ಅಂದಾಜು ಪಟ್ಟಿಯಲ್ಲಿ ಶಸ್ತ್ರಕ್ರಿಯೆಯ ಶುಲ್ಕದ ಮೇಲೆ ಜಿಎಸ್‌ಟಿಯನ್ನೂ ಸೇರಿಸಿದ್ದರು. ಪಶುವೈದ್ಯ ಚಿಕಿತ್ಸಾಲಯದ ಆರೋಗ್ಯಸೇವೆಗೆ ಆ ತೆರಿಗೆಯಿಂದ ವಿನಾಯಿತಿಯುಂಟೆಂಬುದನ್ನು ವಿನಯದಿಂದ ಜ್ಞಾಪಿಸಿದ ಮೇಲೆ ಮರುಮಾತಿಲ್ಲದೆ ಅಳಿಸಿದರು. ನಮ್ಮಲ್ಲಿ ಆಸ್ಪತ್ರೆಯ ಬಿಲ್ಲನ್ನು ಓದುವುದು ಅಮಂಗಳವೆಂಬ ಭಾವನೆಯುಂಟು. ಓದಬೇಕು.

ಇನ್ನು ಕೀಮೋಥೆರಪಿಯ ವಿಚಾರ. ಮೂರು ವಾರಕ್ಕೊಮ್ಮೆಯಂತೆ ನಾಲ್ಕರಿಂದ ಆರು ಸರದಿ ಬೇಕಾಗಬಹುದೆಂದು ಹೇಳಿದರು. ಕಾರ್ಬೋಪ್ಲಾಟಿನ್ ಮನುಷ್ಯರಿಗೂ ಕೊಡುವ ಹಳೆಯ ಔಷಧ. ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಅದರ ಬೆಲೆಗೆ ಸರ್ಕಾರದ ಕಡಿವಾಣವಿದೆ. ಔಷಧ, ಅದಕ್ಕೆ ಮುಂಚಿನ ರಕ್ತಪರೀಕ್ಷೆ, ಡ್ರಿಪ್ ಹಾಕುವ ಶುಲ್ಕ, ಹೋಗಿಬರುವ ಗಾಡಿಯ ಬಾಡಿಗೆ ಸೇರಿ ಸರದಿಯೊಂದಕ್ಕೆ 9,000 ರೂಪಾಯಿ ಬೀಳುತ್ತಿತ್ತು. ಆಗ ಚಿಕಿತ್ಸಾಲಯದ ಕೌಂಟರಿನಲ್ಲಿದ್ದ ತರುಣನು ಒಂದು ಬಣ್ಣದ ಕಾಗದವನ್ನು ಮುಂದಿಟ್ಟನು: ಆರು ಸರದಿಗಳ ಹಣವನ್ನು ಒಟ್ಟಿಗೆ ಕಟ್ಟಿದರೆ ಮನೆಯಿಂದ ಕರೆದೊಯ್ದು ಬಿಡುವ ಗಾಡಿಯೂ ಸೇರಿ ನೂರಕ್ಕೆ 10 ರಿಯಾಯಿತಿ, 54,000ಕ್ಕೆ ಬದಲಾಗಿ 48,600; ಹೇಗೋ ಕೊಡಿಸುವವರು, ಒಮ್ಮೆಲೇ ಕೊಡಿಸಿಬಿಡಿ.

ಈ ಕಾಗದವನ್ನು ಮನೆಗೆ ತಂದು ನಾನು ಮಾಡಿದ ಲೆಕ್ಕವನ್ನು ಸಾವಧಾನವಾಗಿ ನಿವೇದಿಸುತ್ತೇನೆ. ಸರದಿಯೊಂದಕ್ಕೆ ಬಿಡಿಯಾಗಿ 9,000 ಕೊಡುತ್ತ ಹೋದರೆ ಒಂದಕ್ಕೆ ನಿಂತರೆ 9,000, ಎರಡಕ್ಕೆ ನಿಂತರೆ 18,000, ಮೂರಕ್ಕೆ 27,000, ನಾಲ್ಕಕ್ಕೆ 36,000, ಐದಕ್ಕೆ 45,000 ಆಗುತ್ತದೆ. ಐದು ಸರದಿಗಳನ್ನು ಪೂರೈಸಿ ನಿಂತರೂ ಬಿಡಿಯಾಗಿ ಕೊಟ್ಟವನು ಒಟ್ಟಿಗೆ ಕಟ್ಟಿದವನಿಗಿಂತ 3,600 ರೂಪಾಯಿ ಮುಂದಿರುತ್ತಾನೆ. ರಿಯಾಯಿತಿಯ ಫಲ ದಕ್ಕುವುದು ಆರನೆಯ ಸರದಿ ಮುಗಿದ ದಿನ ಮಾತ್ರ, ಅದೂ 5,400 ರೂಪಾಯಿ. ಈ 5,400ರ ಆಸೆಗೆ ಪಣವಾಗಿಡುವುದೆಷ್ಟು? ನಾಲ್ಕಕ್ಕೆ ನಿಂತರೆ 12,600, ಮೂರಕ್ಕೆ ನಿಂತರೆ 21,600, ಎರಡಕ್ಕೆ ನಿಂತರೆ 30,600. ನಿಲ್ಲುವುದಾದರೆ ನಾಲ್ಕಕ್ಕೇ ನಿಲ್ಲುತ್ತದೆ, ಅದಕ್ಕೆ ಮೊದಲು ನಿಲ್ಲುವುದಿಲ್ಲ ಎಂದು ವ್ಯಾಪಾರಿಗೆ ಅನುಕೂಲವಾದ ಊಹೆಯನ್ನೇ ಹಿಡಿಯೋಣ. ಹಾಗಿದ್ದರೂ 12,600ನ್ನು 12,600 ಮತ್ತು 5,400ರ ಮೊತ್ತವಾದ 18,000ದಿಂದ ಭಾಗಿಸಿದಾಗ 0.7 ಬರುತ್ತದೆ, ಎಂದರೆ ಆರೂ ಸರದಿಗಳು ಪೂರ್ತಿಯಾಗುವ ಸಂಭವವು ನೂರಕ್ಕೆ 70ನ್ನು ಮೀರಿದರೆ ಮಾತ್ರ ಈ ವ್ಯವಹಾರ ಲಾಭದ್ದು. ನಾಲ್ಕು ಸಾಕಾಗಬಹುದೆಂದು ವೈದ್ಯರೇ ಹೇಳಿರುವ, ನಡುವೆ ಶ್ವಾಸಕೋಶದಲ್ಲಿ ಗಂಟು ಕಾಣಿಸಿಕೊಂಡರೆ ಚಿಕಿತ್ಸೆಯನ್ನೇ ಬದಲಾಯಿಸಬೇಕಾದ, ಬಿಳಿಯ ರಕ್ತಕಣಗಳು ಕುಸಿದರೆ ಸರದಿಯನ್ನು ಮುಂದೂಡಬೇಕಾದ ವ್ಯಾಧಿಯೊಂದರಲ್ಲಿ 70ರ ಭರವಸೆಯನ್ನು ಯಾವ ಪ್ರಾಮಾಣಿಕನೂ ಕೊಡಲಾರನು.

ಉಪಯೋಗಿಸದೆ ಉಳಿದ ಹಣದ ಗತಿಯೇನೆಂದು ಕೇಳಿದಾಗ, ಹಿಂದಿರುಗಿಸುವ ಪದ್ಧತಿಯಿಲ್ಲ, ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು ಮೊದಲಾದ ಸೇವೆಗಳಿಗೆ ವಜಾ ಹಾಕಿಕೊಳ್ಳಬಹುದು ಎಂಬ ಉತ್ತರ ಬಂತು. ಸತ್ತ ನಾಯಿಯ ಉಗುರನ್ನು ಯಾರು ಕತ್ತರಿಸುತ್ತಾರೆ ಎಂದು ಕೇಳಬೇಕೆನ್ನಿಸಿತು. ತರುಣನು ಸಂಬಳಕ್ಕೆ ದುಡಿಯುವವನು, ಸುಮ್ಮನಾದೆ. ನಾವು ಸರದಿಗೊಮ್ಮೆ ಕೊಟ್ಟೆವು. ನಾಲ್ಕನೆಯದಕ್ಕೆ ಮುನ್ನ ರಕ್ತಕಣಗಳು ಇಳಿದು ಸ್ವಲ್ಪ ಕಾಯಬೇಕಾಯಿತು. ನಾಲ್ಕಾದ ಮೇಲೆ ಇಲ್ಲಿಗೇ ನಿಲ್ಲಿಸೋಣವೆಂದು ವೈದ್ಯರು ಹೇಳಿದರು. 36,000 ರೂಪಾಯಿಗೆ ಸರಾಸರಿಯ ಮೇಲೆ ಐದು ತಿಂಗಳು ಹೆಚ್ಚಿಗೆ ದೊರೆಯುವುದೆಂದು ಹಿಡಿದರೂ ತಿಂಗಳಿಗೆ 7,200. ಇದು ನಮ್ಮ ಶಕ್ತಿಗೆ ಮೀರಿದ್ದಾಗಿರಲಿಲ್ಲ, ಆದುದರಿಂದ ಕೊಡಿಸಿದೆವು. ಮೀರಿದ್ದರೆ ಕಾಲನ್ನು ತೆಗೆಸುವುದರೊಂದಿಗೇ ನಿಲ್ಲಿಸುತ್ತಿದ್ದೆವು.

ಶುಶ್ರೂಷೆಯ ಭಾಗ ಹಣಕ್ಕಿಂತ ತಿಳಿವಳಿಕೆಯನ್ನು ಹೆಚ್ಚಾಗಿ ಬೇಡುತ್ತದೆ. ನಾಯಿಯ ದೇಹಭಾರದಲ್ಲಿ ನೂರಕ್ಕೆ 60 ಪಾಲು ಮುಂಗಾಲುಗಳ ಮೇಲಿರುವುದರಿಂದ ಮುಂಗಾಲನ್ನು ಕಳೆದುಕೊಂಡದ್ದಕ್ಕೆ ಹಿಂಗಾಲನ್ನು ಕಳೆದುಕೊಂಡದ್ದಕ್ಕಿಂತ ಹೊಂದಿಕೊಳ್ಳುವುದು ಕಷ್ಟ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೈಸೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಕಣ್ಣಿಗೆ ಅಂದವಾದದ್ದು, ಮೂರು ಕಾಲಿನವನಿಗೆ ಅಪಾಯಕಾರಿಯಾದದ್ದು. ಸಾಕುಪ್ರಾಣಿಗಳ ಅಂಗಡಿಯಲ್ಲಿ ಜಾರದ ಹಾಸು ಎಂದು ಮಾರುವ ವಸ್ತುವಿನ ಬೆಲೆಯನ್ನು ಕೇಳಿ ಹಿಂದಿರುಗಿ, ಹಸು ಕಟ್ಟುವವರು ಕೊಟ್ಟಿಗೆಗೆ ಹಾಸುವ ರಬ್ಬರಿನ ಕೌ ಮ್ಯಾಟನ್ನು ತಲಾ 2,200ರಂತೆ ಮೂರು ತಂದೆವು. ಏಳಡಿ ಉದ್ದ, ನಾಲ್ಕಡಿ ಅಗಲ, ಹಸುವಿನ ಭಾರಕ್ಕೇ ಜಗ್ಗದ್ದು. ಬಡಗಿಯಿಂದ ಮುಂಬಾಗಿಲ ಮೆಟ್ಟಿಲಿಗೆ ಇಳಿಜಾರು ಹಲಗೆ 2,400; ಎದೆಯನ್ನು ಬಳಸಿ ಹಿಡಿಯುವ ಹಾರ್ನೆಸ್ 1,800; ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಕೋನ್ ಮತ್ತು ಚಿಲ್ಲರೆ 700. ಹಾರ್ನೆಸ್ ಬರುವ ತನಕ ಹಳೆಯ ಟವೆಲನ್ನು ಎದೆಯ ಕೆಳಗೆ ತೂರಿಸಿ ಹಿಡಿದು ನಡೆಸಿದೆವು. ನಾನು ರಸೀದಿಗಳನ್ನು ಜೋಡಿಸುತ್ತ ಕುಳಿತಿದ್ದಾಗ, “ರೀ, ಲೆಕ್ಕ ಆಮೇಲೆ ಬರ್ಕೊಳ್ಳಿ, ಮೊದಲು ಈ ಟವೆಲ್ ತುದಿ ಹಿಡ್ಕೊಳ್ಳಿ,” ಎಂದು ನನ್ನ ಹೆಂಡತಿ ಗದರಿದ್ದುಂಟು.

ಮೊದಲ ರಾತ್ರಿಗಳಲ್ಲಿ ಅವನು ನರಳಿದನು, ಇಲ್ಲದ ಕಾಲಿನ ಜಾಗದಲ್ಲಿ ಸೆಳೆತ ಬಂದಂತೆ ಬೆಚ್ಚಿ ಎದ್ದನು. ನರಗಳ ನೋವಿಗೆ ಗ್ಯಾಬಪೆಂಟಿನ್, ಬಾವಿಗೆ ಮೆಲಾಕ್ಸಿಕಾಮ್, ಎರಡನ್ನೂ ವೈದ್ಯರು ಬರೆದ ಹೊತ್ತಿಗೇ ಕೊಡಬೇಕು, ನರಳಿದ ಮೇಲೆ ಕೊಡುವುದಲ್ಲ. ಗಾಯದ ಸುತ್ತಿನ ನೀಲಿಗಟ್ಟುವಿಕೆ ಎದೆಯ ಕೆಳಗಿಳಿಯುವುದೂ, ಹೊಲಿಗೆಯಡಿಯಲ್ಲಿ ನೀರು ತುಂಬಿ ಸ್ವಲ್ಪ ಉಬ್ಬುವುದೂ ಹಲವು ವೇಳೆ ಸಹಜ; ಅದನ್ನು ಮೊದಲೇ ಕೇಳಿ ತಿಳಿದಿದ್ದರೆ ನಡುರಾತ್ರಿ ತುರ್ತು ಚಿಕಿತ್ಸಾಲಯಕ್ಕೆ ಓಡುವ ಖರ್ಚು ತಪ್ಪುತ್ತದೆ. ಕೀವು, ಜ್ವರ, ಊಟ ಬಿಡುವುದು ಕಂಡರೆ ಓಡಲೇಬೇಕು. ಹೊಲಿಗೆ ಬಿಚ್ಚುವ 10ರಿಂದ 14 ದಿನಗಳವರೆಗೆ ಹಾರಾಟವಿಲ್ಲ. ಕೀಮೋ ಕೊಟ್ಟ ಬಳಿಕ ಕೆಲವು ದಿನ ಮಲಮೂತ್ರವನ್ನು ಕೈಗವಸು ಹಾಕಿಕೊಂಡೇ ತೆಗೆಯತಕ್ಕದ್ದು.

ಆಹಾರದ ವಿಚಾರದಲ್ಲಿ ನಾನು ಕೊಂಚ ಕಠಿಣವಾಗಿ ಮಾತನಾಡುವುದನ್ನು ಓದುಗರು ಕ್ಷಮಿಸಬೇಕು. ಉಳಿದ ಒಂದು ಮುಂಗಾಲು ಹೊರುವುದು ನಾವು ಪ್ರೀತಿಯಿಂದ ತಿನ್ನಿಸಿದ ಒಂದೊಂದು ಕಿಲೋವನ್ನೂ ಸೇರಿಸಿಯೇ. ಬೆಳಗಿನ ಇಡ್ಲಿ, ನಡುಹಗಲ ತುಪ್ಪದನ್ನ, ಸಂಜೆಯ ಬಿಸ್ಕತ್ತು, ಊಟದ ತಟ್ಟೆಯಂಚಿನಿಂದ ಜಾರುವ ಚಪಾತಿ, ಇವುಗಳನ್ನು ಒಂದೊಂದಾಗಿ ನಿಲ್ಲಿಸಿ 36 ಕಿಲೋದಿಂದ 31ಕ್ಕೆ ಇಳಿಸಿದೆವು. ಇಳಿದ ಮೇಲೆ ಬಿಸ್ಕತ್ತಿನ ಖರ್ಚೇ ತಿಂಗಳಿಗೆ ಎಷ್ಟಿತ್ತೆಂದು ಗೊತ್ತಾಯಿತು. ಸಾಕುಪ್ರಾಣಿಯ ಹುಟ್ಟುಹಬ್ಬಕ್ಕೆ ಕೇಕು ತರಿಸುವ, ಅದಕ್ಕೆ ಅಂಗಿ ಹೊಲಿಸುವ, ಆದರೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸೆಂದರೆ ದುಬಾರಿಯೆನ್ನುವ ಗೃಹಸ್ಥರು ನಮ್ಮ ಬೀದಿಯಲ್ಲೇ ಇದ್ದಾರೆ. ಇಂಥ ವಾತ್ಸಲ್ಯದಲ್ಲಿ ಪ್ರದರ್ಶನಕ್ಕೆ ಸಲ್ಲುವ ಪಾಲೆಷ್ಟು, ಪ್ರಾಣಿಗೆ ಸಲ್ಲುವ ಪಾಲೆಷ್ಟು ಎಂಬುದನ್ನು ಅವರೇ ಒಂದು ತಿಂಗಳು ಬರೆದು ನೋಡಲಿ.

ಇನ್ನು ಪೆಟ್ ಇನ್ಶೂರೆನ್ಸ್. ಅದನ್ನು ಮಾಡಿಸಿದ್ದರೆ ಈ ಕಷ್ಟವಿರುತ್ತಿರಲಿಲ್ಲವಲ್ಲ ಎಂದು ಕನಿಷ್ಠ ಮೂವರು ಹಿತೈಷಿಗಳು ನನಗೆ ಹೇಳಿದರು, ಅವರಲ್ಲೊಬ್ಬರು ಏಜೆಂಟರು. ಅವರು ಕೊಟ್ಟ ಕರಾರನ್ನು ಕನ್ನಡಕ ಹಾಕಿಕೊಂಡು ಕಡೆಯ ಪುಟದವರೆಗೆ ಓದಿದೆ. ಸೇರಿಸಿಕೊಳ್ಳುವುದಕ್ಕೆ ವಯಸ್ಸಿನ ಮೇರೆ, ದೊಡ್ಡ ತಳಿಗಾದರೆ ಇನ್ನೂ ಕಿರಿದು. ಸೇರಿದ ಮೇಲೆ ಕಾಯುವ ಅವಧಿ. ಶಸ್ತ್ರಕ್ರಿಯೆಗೆ ಒಂದು ಉಪಮಿತಿ, ಔಷಧಕ್ಕೆ ಇನ್ನೊಂದು. ಬಿಲ್ಲಿನಲ್ಲಿ ನಮ್ಮ ಪಾಲು ಬೇರೆ. ಆನುವಂಶಿಕವೆಂದು ಕಂಡದ್ದಕ್ಕೆ ಪರಿಹಾರವಿಲ್ಲ, ಮತ್ತು ಯಾವುದು ಆನುವಂಶಿಕ ಎಂಬುದನ್ನು ನಿರ್ಧರಿಸುವವರು ಹಣ ಕೊಡಬೇಕಾದವರೇ. ನಾಯಿ ಬೇರೆಯವರನ್ನು ಕಚ್ಚಿದರೆ ಬರುವ ಹೊಣೆಯನ್ನು ಹೊರುವ ಭಾಗವೊಂದು ಮಾತ್ರ ನನಗೆ ಉಪಯುಕ್ತವಾಗಿ ತೋರಿತು, ಅದನ್ನೇ ಬಿಡಿಯಾಗಿ ಕೊಡಿರೆಂದರೆ ಕೊಡಲೊಲ್ಲರು. ಮರಿಯನ್ನು ತಂದ ವರ್ಷದಿಂದ ತಿಂಗಳಿಗೆ 500 ರೂಪಾಯಿಯ ಆರ್‌ಡಿ ಕಟ್ಟಿದ್ದರೆ ನೂರಕ್ಕೆ 6.5ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಸುಮಾರು 53,000 ಆಗುತ್ತಿತ್ತು. ರೋಗವು ಎರಡನೆಯ ವರ್ಷವೇ ಬಂದರೆ ಅದು ಸಾಲದೆಂಬ ಆಕ್ಷೇಪಣೆ ನಿಜ, ಆದರೂ ಆ ಹಣಕ್ಕೆ ಉಪಮಿತಿಯಿಲ್ಲ, ಅರ್ಜಿ ನಮೂನೆಯಿಲ್ಲ, ನಾಯಿ ಆರೋಗ್ಯವಾಗಿದ್ದರೆ ಅದು ನಮ್ಮದಾಗಿಯೇ ಉಳಿಯುತ್ತದೆ.

ನಾವು ಠೇವಣಿಯೊಂದನ್ನು ಅವಧಿಗೆ ಮೊದಲೇ ಮುರಿದೆವು. ಬಡ್ಡಿಯಲ್ಲಿ ಆದ ಕಡಿತ ಕ್ರೆಡಿಟ್ ಕಾರ್ಡಿನ ಒಂದು ತಿಂಗಳ ಬಡ್ಡಿಗಿಂತ ಕಡಿಮೆ. ಆದಾಯ ತೆರಿಗೆಯಲ್ಲಿ 80ಡಿ, 80ಡಿಡಿಬಿ ಯಾವುದೂ ನಾಯಿಗೆ ಅನ್ವಯಿಸುವುದಿಲ್ಲವೆಂದು ನನ್ನ ಲೆಕ್ಕಪರಿಶೋಧಕರು ಕೇಳುವ ಮೊದಲೇ ಹೇಳಿದರು. ಒಟ್ಟಿಗೆ ಕಟ್ಟದೆ ಉಳಿಸಿಕೊಂಡ 12,600 ಉಳಿತಾಯ ಖಾತೆಯಲ್ಲಿದೆ. ಎರಡು ಮೂರು ತಿಂಗಳಿಗೊಮ್ಮೆ ತೆಗೆಸಬೇಕಾದ ಎದೆಯ ಎಕ್ಸ್-ರೇಗೆ ಅದರಿಂದಲೇ ಕೊಡುತ್ತಿದ್ದೇವೆ. ಕಳೆದ ಸಲದ್ದರಲ್ಲಿ ಏನೂ ಕಾಣಲಿಲ್ಲ, ಮುಂದಿನದು ಆಷಾಢದಲ್ಲಿ.