ಹಿಮವೋ, ನೀರೋ? ಧ್ರುವದ ಮೋಡಗಳ ಅಳತೆ

ಮೋಡವೆಂದರೆ ನಮ್ಮ ಜನಕ್ಕೆ ಮಳೆಯ ಸೂಚನೆ. ಉತ್ತರ ಧ್ರುವಪ್ರದೇಶದಲ್ಲಾದರೋ ಮೋಡದಲ್ಲಿರುವುದು ಹಿಮವೋ ನೀರೋ ಎಂಬುದೇ ಮುಖ್ಯ ಪ್ರಶ್ನೆ. ಭೂಗೋಳವನ್ನು ಐಚ್ಛಿಕವಾಗಿ ಓದುತ್ತಿರುವ ನಾನು, ಈ ಪ್ರಶ್ನೆಗೆ ಉತ್ತರ ಹುಡುಕುವ ಬಗೆಯನ್ನು ಸಹಪಾಠಿಗಳ ಮುಂದಿಡಲು ಇಚ್ಛಿಸುತ್ತೇನೆ.

ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಮೋಡದ ಸಣ್ಣ ಹನಿಗೆ ಧೂಳಿನ ಕಣದಂಥ ಆಸರೆ ಸಿಕ್ಕದಿದ್ದರೆ, ಅದು ಸೊನ್ನೆಗಿಂತ 20-30 ಡಿಗ್ರಿ ಕೆಳಗೂ ನೀರಾಗಿಯೇ ಉಳಿಯಬಲ್ಲದು. ಹನಿ ಹಾಗೂ ಹಿಮಸ್ಫಟಿಕ ಒಂದೆಡೆ ಸೇರಿದಾಗ ಸ್ಫಟಿಕವು ಹನಿಯ ಆವಿಯನ್ನು ಹೀರಿ ಬೆಳೆಯುತ್ತದೆ. ಖಂಡಗಳ ಚಲನವಾದದಿಂದ ನಮಗೆ ಪರಿಚಿತನಾದ ಆಲ್‌ಫ್ರೆಡ್ ವೆಗೆನರನೇ 1911ರಲ್ಲಿ ಇದನ್ನು ಸೂಚಿಸಿದ್ದನು. ಆದರೂ ಧ್ರುವದ ಎಷ್ಟೋ ಮೋಡಗಳಲ್ಲಿ ಮೇಲೆ ನೀರಿನ ಪದರ, ಕೆಳಗೆ ಉದುರುವ ಹಿಮ, ಇವೆರಡೂ ದಿನಗಟ್ಟಲೆ ಜೊತೆಗಿರುತ್ತವೆ.

ಈ ಭೇದ ಕೇವಲ ಪಂಡಿತರ ಚರ್ಚೆಯಲ್ಲ. ನೀರಿನ ಹನಿಗಳುಳ್ಳ ಮೋಡವು ನೆಲದಿಂದ ಹೊರಡುವ ಶಾಖವನ್ನು ಕಂಬಳಿಯಂತೆ ತಡೆಯುತ್ತದೆ. ತೆಳುವಾದ ಹಿಮಮೋಡ ಅಷ್ಟು ತಡೆಯದು. 2012ರ ಜುಲೈ ತಿಂಗಳಲ್ಲಿ ಗ್ರೀನ್‌ಲೆಂಡಿನ ಹಿಮಹಾಸಿನ ಮೇಲ್ಮೈ ಹೆಚ್ಚುಕಡಿಮೆ ಪೂರ್ತಿಯಾಗಿ ಕರಗತೊಡಗಿತು. ಬೆಚ್ಚನೆಯ ಗಾಳಿಯೊಡನೆ, ಬಿಸಿಲನ್ನು ಒಳಬಿಟ್ಟು ಶಾಖವನ್ನು ಹಿಡಿದಿಟ್ಟ ತೆಳುವಾದ ನೀರ್ಮೋಡಗಳೂ ಅದಕ್ಕೆ ಕಾರಣವಾದುವು.

ಹಾಗಾದರೆ ಉಪಗ್ರಹದಿಂದ ಚಿತ್ರ ತೆಗೆದರೆ ಸಾಲದೆ? ಸಾಲದು. ಬಿಳಿಯ ಹಿಮದ ಮೇಲೆ ಬಿಳಿಯ ಮೋಡ ಬೇರೆಯಾಗಿ ಕಾಣದು; ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಇಲ್ಲ. ಆದ್ದರಿಂದ ತಾನೇ ಕಿರಣವನ್ನು ಕಳುಹಿಸಿ ಅದರ ಮಾರ್ದನಿಯನ್ನು ಕೇಳುವ ಉಪಕರಣ ಬೇಕು. 2006ರ ಏಪ್ರಿಲ್ 28ರಂದು ಇಂಥ ಎರಡು ಉಪಗ್ರಹಗಳು ಒಂದೇ ರಾಕೆಟ್ಟಿನಲ್ಲಿ ಮೇಲೇರಿದುವು. ಕ್ಲೌಡ್‌ಸ್ಯಾಟ್ ರೇಡಾರನ್ನೂ, ಕ್ಯಾಲಿಪ್ಸೊ ಲೇಸರ್ ಬೆಳಕಿನ ಲಿಡಾರನ್ನೂ ಹೊತ್ತಿದ್ದುವು.

ಎರಡೇಕೆ? ಇಲ್ಲಿಯೇ ಸ್ವಾರಸ್ಯವಿದೆ. ರೇಡಾರಿನ ಮಾರ್ದನಿಯು ಸಣ್ಣ ಕಣಗಳ ವಿಷಯದಲ್ಲಿ ವ್ಯಾಸದ ಆರನೆಯ ಘಾತದಂತೆ ಏರುತ್ತದೆ. ಒಂದು ಹನಿ ಮತ್ತೊಂದಕ್ಕಿಂತ ಹತ್ತು ಪಾಲು ದೊಡ್ಡದಾದರೆ ಅದರ ಮಾರ್ದನಿ ಹತ್ತು ಲಕ್ಷ ಪಾಲು! ಹೀಗೆ ಬೆರಳೆಣಿಕೆಯ ದೊಡ್ಡ ಸ್ಫಟಿಕಗಳ ಸದ್ದಿನಲ್ಲಿ ಅಸಂಖ್ಯಾತ ಸಣ್ಣ ಹನಿಗಳು ಅಡಗಿಹೋಗುತ್ತವೆ. ಲಿಡಾರಿಗೆ ಆ ಹನಿಗಳು ಚೆನ್ನಾಗಿ ಕಾಣುತ್ತವೆ. ದುಂಡನೆಯ ಹನಿ ಬೆಳಕಿನ ಕಂಪನದ ದಿಕ್ಕನ್ನು ಬದಲಿಸದೆ ಹಿಂದಿರುಗಿಸುತ್ತದೆ. ಕೋನಗಳುಳ್ಳ ಸ್ಫಟಿಕ ಅದನ್ನು ತಿರುಚುತ್ತದೆ. ಆದರೆ ದಟ್ಟವಾದ ನೀರಿನ ಪದರವನ್ನು ಲಿಡಾರು ದಾಟಲಾರದು. ಅದನ್ನು ರೇಡಾರು ದಾಟುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇಷ್ಟಾದರೂ ನೆಲದಿಂದ ಸುಮಾರು ಒಂದು ಕಿಲೋಮೀಟರ್ ಎತ್ತರದವರೆಗೆ, ನೆಲದ ಪ್ರತಿಫಲನದ ಗದ್ದಲದಿಂದ ಕ್ಲೌಡ್‌ಸ್ಯಾಟ್ ಕುರುಡು. ಧ್ರುವದ ಬಹಳಷ್ಟು ಮೋಡಗಳಿರುವುದು ಅಲ್ಲಿಯೇ! ಆದ್ದರಿಂದ ವಿಮಾನ ಬೇಕಾಯಿತು. ವೆಗೆನರನ ಹೆಸರನ್ನೇ ಹೊತ್ತ ಜರ್ಮನ್ ಸಂಸ್ಥೆಯ ಪೋಲಾರ್ 5, ಪೋಲಾರ್ 6 ಎಂಬ ವಿಮಾನಗಳು ಹಳೆಯ ಡಕೋಟಾಗಳ ನವೀಕೃತ ರೂಪಗಳು. 2017ರಲ್ಲಿ ಅವು ಸ್ವಾಲ್‌ಬಾರ್ಡ್ ದ್ವೀಪಸಮೂಹದಿಂದ ಹಾರಿದಾಗ, ಒಂದು ಮೋಡದ ಮೇಲಿನಿಂದ ನೋಡಿದರೆ ಮತ್ತೊಂದು ಮೋಡದೊಳಗೇ ನುಗ್ಗಿ ಕಣಗಳನ್ನು ಅಳೆಯಿತು. ಇದಕ್ಕೂ ಎಚ್ಚರ ಬೇಕು: ವೇಗದಲ್ಲಿ ಉಪಕರಣದ ತುದಿಗೆ ಬಡಿದ ಸ್ಫಟಿಕ ಒಡೆದು, ಒಂದು ಹಲವಾಗಿ ಎಣಿಕೆಗೆ ಬರುತ್ತದೆ. ಅದನ್ನು ತಪ್ಪಿಸಲು ತುದಿಗಳ ಆಕಾರವನ್ನೇ ಬದಲಿಸಬೇಕಾಯಿತು.

ಆ ಎರಡು ಉಪಗ್ರಹಗಳ ಕಾರ್ಯ 2023ರಲ್ಲಿ ಮುಗಿಯಿತು. 2024ರ ಮೇ 28ರಂದು ಯೂರೋಪು ಮತ್ತು ಜಪಾನುಗಳು ಹಾರಿಸಿದ ಅರ್ತ್‌ಕೇರ್, ರೇಡಾರ್ ಲಿಡಾರ್ ಎರಡನ್ನೂ ಒಂದೇ ಒಡಲಲ್ಲಿ ಹೊತ್ತಿದೆ.

1979ರಿಂದೀಚೆಗೆ ಉತ್ತರ ಧ್ರುವಪ್ರದೇಶವು ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಾಲು ಬೇಗ ಬಿಸಿಯಾಗಿದೆ. ಗ್ರೀನ್‌ಲೆಂಡಿನ ನೆಲದ ಮೇಲಿನ ಹಿಮ ಕರಗಿದರೆ ಆ ನೀರು ಕಡಲನ್ನು ಸೇರುತ್ತದೆ. ಕಾರವಾರ, ಮಂಗಳೂರುಗಳ ಕಡಲೂ ಅದಕ್ಕೆ ಹೊರತಲ್ಲ. ಮುಂದಿನ ಲೆಕ್ಕ ಸರಿಯಾಗಬೇಕಾದರೆ ಮೋಡದ ಲೆಕ್ಕ ಸರಿಯಾಗಬೇಕು. ಅದು ಒಂದೇ ಕಣ್ಣಿಗೆ ಸಾಧ್ಯವಲ್ಲ. ಒಂದು ಕಂಡುದನ್ನು ಇನ್ನೊಂದು ಪರೀಕ್ಷಿಸಿ ಒಪ್ಪಿದಾಗಲೇ ಅಳತೆಯು ಜ್ಞಾನವಾಗುತ್ತದೆ.