ದಿನ ತುಂಬದ ಕೂಸಿನ ಎದೆಗೆ ಸ್ಕ್ಯಾನಿಂಗ್ ಏಕೆ?

"ಡಾಕ್ಟ್ರೇ, ಹೊಟ್ಟೇಲಿದ್ದಾಗ ಮೂರು ಸಲ ಸ್ಕ್ಯಾನಿಂಗ್ ಆಯ್ತು. ಹುಟ್ಟಿದ ಮೇಲೂ ಸ್ಕ್ಯಾನಿಂಗಾ? ಅಂಗೈಯಗಲದ ಎದೆ ಇದು, ತಡೆದುಕೊಳ್ಳುತ್ತಾ?"

ಬೂವನಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸೊಸೆಗೆ 31ನೇ ವಾರಕ್ಕೇ ನೋವು ಬಂದಿದೆ. ರಾತ್ರೋರಾತ್ರಿ ಹಾಸನದ ಆಸ್ಪತ್ರೆಗೆ ಕರೆತಂದಿದ್ದಾರೆ. ಹುಟ್ಟಿದ ಕೂಸಿನ ತೂಕ ಒಂದೂವರೆ ಕೆ.ಜಿ. ಪ್ರತಿ ಉಸಿರಿಗೂ ಎದೆ ಒಳಕ್ಕೆ ಸೆಳೆಯುತ್ತಿದೆ, ನರಳಿದಂತೆ ಸದ್ದು ಬರುತ್ತಿದೆ. ವೈದ್ಯರು ಎದೆಗೆ ಸ್ಕ್ಯಾನಿಂಗ್ ಮಾಡಬೇಕೆಂದಾಗ ಅಜ್ಜಿ ಕೇಳುವ ಪ್ರಶ್ನೆ ಇದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ತಿಳಿಯಲು ಮೊದಲು ಕೂಸಿಗೆ ಉಸಿರು ಏಕೆ ಕಷ್ಟವಾಗಿದೆ ಎಂಬುದನ್ನು ನೋಡೋಣ.

ಉಸಿರು ಕಟ್ಟುವುದೇಕೆ?

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ. ಒದ್ದೆಯಾದ ಎರಡು ಗಾಜಿನ ಚೂರುಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಈ ಚೀಲಗಳ ಒಳಗೋಡೆಗಳೂ ಅಂಟಿಕೊಳ್ಳಲು ನೋಡುತ್ತವೆ. ಹಾಗಾಗದಂತೆ ಅಲ್ಲಿ ಸೋಪಿನ ನೊರೆಯಂಥ ಒಂದು ವಸ್ತು ಹರಡಿರುತ್ತದೆ. ಅದರ ಹೆಸರು ಸರ್ಫ್ಯಾಕ್ಟೆಂಟ್. ಗರ್ಭದ ಕೊನೆಯ ವಾರಗಳಲ್ಲಿ ಇದು ಸಾಕಷ್ಟು ಉತ್ಪತ್ತಿಯಾಗುತ್ತದೆ. ಬೇಗ ಹುಟ್ಟಿದ ಕೂಸಿಗೆ ಅದು ಸಾಲದು. ಪ್ರತಿ ಉಸಿರಿಗೂ ಮುಚ್ಚಿದ ಚೀಲವನ್ನು ಹೊಸದಾಗಿ ಬಿಡಿಸಬೇಕಾಗಿ ಕೂಸು ದಣಿದುಹೋಗುತ್ತದೆ.

ಈ ಕಾರಣವನ್ನು 1959ರಲ್ಲಿ ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ಮತ್ತು ಅವರ ಸಹೋದ್ಯೋಗಿ ಜೆರೆ ಮೀಡ್ ತೋರಿಸಿಕೊಟ್ಟರು. ಕಾರಣ ತಿಳಿಯಿತು, ಮದ್ದು ಇರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಐದು ವಾರಕ್ಕೂ ಹೆಚ್ಚು ಮುಂಚಿತವಾಗಿ ಗಂಡುಮಗು ಹುಟ್ಟಿತು. ಪ್ಯಾಟ್ರಿಕ್ ಎಂದು ಹೆಸರಿಟ್ಟ ಆ ಕೂಸು ಇದೇ ತೊಂದರೆಯಿಂದ ಎರಡೇ ದಿನಗಳಲ್ಲಿ ತೀರಿಕೊಂಡಿತು. ಅಧ್ಯಕ್ಷರ ಮನೆಗೂ ಅಂದು ಸಿಗದ ಮದ್ದು ಬಂದದ್ದು 1980ರಲ್ಲಿ. ಜಪಾನಿನ ವೈದ್ಯ ಫುಜಿವಾರಾ ಅವರು ಸರ್ಫ್ಯಾಕ್ಟೆಂಟನ್ನು ನೇರವಾಗಿ ಶಿಶುಗಳ ಶ್ವಾಸನಾಳಕ್ಕೆ ಹಾಕಿ ಯಶಸ್ಸು ಕಂಡರು.

ಕಾರಣ ಒಂದೇ ಅಲ್ಲ

ಉಬ್ಬಸಪಡುವ ಪ್ರತಿ ಕೂಸಿಗೂ ಈ ಮದ್ದು ಬೇಕಿಲ್ಲ. ಕೆಲವು ಕೂಸುಗಳಲ್ಲಿ ಗರ್ಭದಲ್ಲಿದ್ದ ದ್ರವ ಶ್ವಾಸಕೋಶದಿಂದ ಇನ್ನೂ ಇಂಗಿರುವುದಿಲ್ಲ. ನೋವು ಬರುವ ಮೊದಲೇ ಸಿಸೇರಿಯನ್ ಆದಾಗ ಇದು ಹೆಚ್ಚು. ಒಂದೆರಡು ದಿನಗಳಲ್ಲಿ ತಾನೇ ಸರಿಹೋಗುತ್ತದೆ. ಕೆಲವಕ್ಕೆ ನ್ಯುಮೋನಿಯಾ ಇರುತ್ತದೆ. ಇನ್ನು ಕೆಲವಕ್ಕೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡಿರುತ್ತದೆ. ಅದನ್ನು ತಕ್ಷಣ ಹೊರತೆಗೆಯಬೇಕಾಗಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ: ವೇಗದ ಉಸಿರು, ಒಳಕ್ಕೆ ಸೆಳೆಯುವ ಎದೆ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಸರ್ಫ್ಯಾಕ್ಟೆಂಟ್ ಬೇಕಾದ ಕೂಸಿಗೆ ಮೊದಲ ಕೆಲವು ಗಂಟೆಗಳಲ್ಲೇ ಕೊಟ್ಟರೆ ಗುಣ ಹೆಚ್ಚು. ಆದ್ದರಿಂದ ಕಾರಣ ಬೇಗ ತಿಳಿಯಬೇಕು.

ಸ್ಕ್ಯಾನಿಂಗ್ ಏನು ತೋರಿಸುತ್ತದೆ?

ಸ್ಕ್ಯಾನಿಂಗ್ ಯಂತ್ರದ ಶಬ್ದದ ಅಲೆಗಳು ಗಾಳಿಯನ್ನು ದಾಟಲಾರವು. ಆದ್ದರಿಂದ ಗಾಳಿ ತುಂಬಿದ ಶ್ವಾಸಕೋಶಕ್ಕೆ ಇದು ಬರುವುದಿಲ್ಲವೆಂದೇ ವೈದ್ಯರು ಬಹುಕಾಲ ಭಾವಿಸಿದ್ದರು. ತೆರೆಯ ಮೇಲೆ ಕಾಣುವ ಗೆರೆಗಳನ್ನೇ ಓದಲು ಕಲಿತರೆ ರೋಗ ತಿಳಿಯುತ್ತದೆಂದು 1990ರ ದಶಕದಿಂದ ಫ್ರಾನ್ಸಿನ ವೈದ್ಯ ಡೇನಿಯಲ್ ಲಿಖ್ಟೆನ್‌ಸ್ಟೈನ್ ತೋರಿಸುತ್ತ ಬಂದರು. ಮುಂದೆ ಶಿಶುವೈದ್ಯರೂ ಈ ವಿದ್ಯೆಯನ್ನು ಕೈಗೆತ್ತಿಕೊಂಡರು.

ಆರೋಗ್ಯವಂತ ಶ್ವಾಸಕೋಶದ ಅಂಚು ತೆಳುವಾದ ಬಿಳಿಗೆರೆಯಾಗಿ ಕಾಣುತ್ತದೆ. ಉಸಿರಿನೊಂದಿಗೆ ಆ ಗೆರೆ ಹಿಂದೆ ಮುಂದೆ ಜಾರುತ್ತದೆ. ದ್ರವ ಹೆಚ್ಚಿದ್ದರೆ ಅಲ್ಲಿಂದ ಕೆಳಕ್ಕೆ ಬಿಳಿಯ ಪಟ್ಟೆಗಳು ಇಳಿಯುತ್ತವೆ. ಸರ್ಫ್ಯಾಕ್ಟೆಂಟ್ ಕೊರತೆ ತೀವ್ರವಾಗಿದ್ದರೆ ಅಂಚಿನ ಗೆರೆ ದಪ್ಪಗಾಗಿ ಒರಟಾಗುತ್ತದೆ, ಎರಡೂ ಕಡೆ ಇಡೀ ಶ್ವಾಸಕೋಶ ಬೆಳ್ಳಗೆ ಕಾಣುತ್ತದೆ. ಗೆರೆ ಜಾರದೆ ನಿಂತುಬಿಟ್ಟಿದ್ದರೆ ಗಾಳಿ ಸೋರಿರಬಹುದೆಂಬ ಎಚ್ಚರಿಕೆ.

ಎದೆಯ ಪ್ರತಿ ಬದಿಯನ್ನು ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೆ 0ಯಿಂದ 3ರವರೆಗೆ ಅಂಕ ಕೊಟ್ಟು, ಒಟ್ಟು 18ರಲ್ಲಿ ಎಣಿಸುವ ಕ್ರಮವೂ ಇದೆ. ಅಂಕ ಹೆಚ್ಚಿದಷ್ಟೂ ಶ್ವಾಸಕೋಶದ ಸ್ಥಿತಿ ಕೆಟ್ಟಿದೆ ಎಂದರ್ಥ. ಯಾವ ಕೂಸಿಗೆ ಸರ್ಫ್ಯಾಕ್ಟೆಂಟ್ ಬೇಕಾದೀತು ಎಂಬುದನ್ನು ಈ ಅಂಕಗಳಿಂದ ಮುಂಚಿತವಾಗಿ ಅಂದಾಜಿಸಬಹುದೆಂದು ಫ್ರಾನ್ಸಿನ ವೈದ್ಯರು 2015ರಲ್ಲಿ ಪ್ರಕಟಿಸಿದರು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಇದರಲ್ಲಿ ಎಕ್ಸ್-ರೇಯ ವಿಕಿರಣವಿಲ್ಲ. ಕೂಸನ್ನು ಹಾಸಿಗೆಯಿಂದ ಕದಲಿಸಬೇಕಿಲ್ಲ. ಕೆಲವೇ ನಿಮಿಷಗಳ ಕೆಲಸ, ಬೇಕೆನಿಸಿದರೆ ಮತ್ತೆ ಮತ್ತೆ ನೋಡಬಹುದು. ಕೈ ಹಗುರವಾಗಿರಬೇಕು, ಉಪಕರಣ ಶುಚಿಯಾಗಿರಬೇಕು, ಹಚ್ಚುವ ಜೆಲ್ ಬೆಚ್ಚಗಿರಬೇಕು. ಇಷ್ಟಾದರೆ ಹೆದರಬೇಕಾದ್ದಿಲ್ಲ.

ಇದಕ್ಕೂ ಮಿತಿಯಿದೆ. ಶ್ವಾಸಕೋಶದ ಒಳಭಾಗದಲ್ಲಿ ಅಡಗಿದ ತೊಂದರೆ ಕಾಣದೆ ಹೋಗಬಹುದು. ಕಲಿತ ಕಣ್ಣು ಬೇಕು. ಎಕ್ಸ್-ರೇ ಬೇಕಾಗುವ ಸಂದರ್ಭಗಳೂ ಇವೆ. ಸ್ಕ್ಯಾನಿಂಗ್ ದಾರಿ ತೋರಿಸುತ್ತದೆ, ಅದೇ ಚಿಕಿತ್ಸೆಯಲ್ಲ.

ಒಂದೇ ಯಂತ್ರ, ಎರಡು ಬಳಕೆ

ಇದೇ ಯಂತ್ರದಿಂದ ಗರ್ಭದಲ್ಲಿರುವುದು ಹೆಣ್ಣೆಂದು ತಿಳಿದು ಜೀವ ತೆಗೆದ ಪಾಪವನ್ನೂ ನಮ್ಮ ನಾಡು ಕಂಡಿದೆ. ಅದನ್ನು ತಡೆಯಲು 1994ರಲ್ಲಿ ಕಾಯಿದೆ ಬಂತು. ಭ್ರೂಣದ ಲಿಂಗವನ್ನು ಕೇಳುವುದೂ ಹೇಳುವುದೂ ಅಪರಾಧ. ನವಜಾತ ಶಿಶುಗಳ ವಾರ್ಡಿನ ಯಂತ್ರವೂ ಇದೇ ಕಾಯಿದೆಯಡಿ ನೋಂದಣಿಯಾಗಿರಬೇಕು. ಈ ಬಿಗಿ ಇರಬೇಕಾದ್ದೇ. ಆದರೆ ತಪ್ಪು ಯಂತ್ರದ್ದಲ್ಲ, ಅದನ್ನು ಹಿಡಿದ ಮನಸ್ಸಿನದು. ಹುಟ್ಟಿದ ಕೂಸಿನ ಎದೆಯ ಮೇಲೆ ಅದೇ ಯಂತ್ರ ಹೆಣ್ಣು ಗಂಡೆನ್ನದೆ ಉಸಿರನ್ನು ಕಾಯುತ್ತದೆ.

ಮನೆಯವರು ಮಾಡಬೇಕಾದ್ದು

1. "ಏಳು ತಿಂಗಳ ಕೂಸು ಉಳಿದೀತು, ಎಂಟು ತಿಂಗಳದ್ದು ಉಳಿಯದು" ಎಂಬ ಮಾತನ್ನು ನಂಬಬೇಡಿ. ಗರ್ಭದಲ್ಲಿ ಕಳೆದ ಪ್ರತಿ ವಾರವೂ ಶ್ವಾಸಕೋಶಕ್ಕೆ ಬಲ.

2. ದಿನ ತುಂಬುವ ಮೊದಲೇ ನೋವು ಬಂದರೆ ಅಥವಾ ನೀರು ಹೋದರೆ ಕಾಯದೆ 108ಕ್ಕೆ ಕರೆ ಮಾಡಿ. 24ರಿಂದ 34 ವಾರಗಳ ನಡುವೆ ಹೆರಿಗೆಯಾಗುವ ಸಂಭವವಿದ್ದರೆ ವೈದ್ಯರು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಅದು ಕೂಸಿನ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡುತ್ತದೆ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಇದನ್ನು ತೋರಿಸಿಕೊಟ್ಟರು.

3. ಹೆರಿಗೆಯಾದ ಮೇಲೆ ಕೂಸನ್ನು ಎತ್ತಿಕೊಂಡು ಓಡುವುದಕ್ಕಿಂತ, ಶಿಶು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ತಾಯಿಯನ್ನು ಮೊದಲೇ ಸೇರಿಸುವುದು ಮೇಲು.

4. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಎದೆ ಒಳಕ್ಕೆ ಸೆಳೆಯುವುದು, ನರಳುವ ಸದ್ದು, ನಾಲಿಗೆ ತುಟಿ ನೀಲಿಯಾಗುವುದು: ಇವು ಕಂಡರೆ ತಡಮಾಡಬೇಡಿ. ಮೂಗಿಗೆ ಎಣ್ಣೆ ಬಿಡಬೇಡಿ, ಸ್ನಾನ ಮಾಡಿಸಬೇಡಿ, ಬೆಚ್ಚಗೆ ಹೊದಿಸಿ ಕರೆತನ್ನಿ.

5. ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಹಣವಿಲ್ಲವೆಂದು ಹಿಂಜರಿಯಬೇಡಿ.

6. ವೈದ್ಯರು ಒಪ್ಪಿದ ಮೇಲೆ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿಕೊಳ್ಳಿ. ತಂದೆಯೂ ಅಜ್ಜಿಯೂ ಇದನ್ನು ಮಾಡಬಹುದು.

ಸ್ಕ್ಯಾನಿಂಗಿಗೆ ಒಪ್ಪಿಗೆ ಕೇಳಿದಾಗ ಅಜ್ಜಿ ಇನ್ನೊಂದು ಪ್ರಶ್ನೆಯನ್ನೂ ಧೈರ್ಯವಾಗಿ ಕೇಳಲಿ: "ಏನು ಕಂಡಿತು ಡಾಕ್ಟ್ರೇ, ಮುಂದೇನು ಮಾಡ್ತೀರಿ?" ಅದನ್ನು ತಿಳಿಯುವ ಹಕ್ಕು ಮನೆಯವರಿಗಿದೆ.

ಮನೆಯಲ್ಲಿ ಮಾತನಾಡಿಕೊಳ್ಳಿ: ನಮ್ಮ ಮನೆಯ ಬಸುರಿಗೆ ನಡುರಾತ್ರಿ ನೋವು ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮನೆಯವರೆಲ್ಲರಿಗೂ ಗೊತ್ತೇ? ಜೊತೆಗೆ ಹೋಗುವವರು ಯಾರು?