ಕಳ್ಳಿಹಾಲು ಕಣ್ಣಿಗೆ ಸಿಡಿದ ದಿನ

ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಮೊದಲು ಬೇಕಾಗುವುದು ನೀರು. ಹರಳೆಣ್ಣೆಯನ್ನಾಗಲಿ, ಎದೆಹಾಲನ್ನಾಗಲಿ, ಊರಿನ ನಾಟಿ ಔಷಧಿಯನ್ನಾಗಲಿ ಹತ್ತಿರಕ್ಕೂ ತರಬಾರದು. ಈ ಒಂದು ಮಾತು ನಮ್ಮ ಕಂಪ್ಲಿ, ಹೊಸಪೇಟೆ, ಸಂಡೂರು ಸೀಮೆಯ ಮನೆಮನೆಗೆ ಮುಟ್ಟಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನನ್ನ ಎಡಗಣ್ಣು ಇವತ್ತು ಕಾಣುತ್ತಿದೆ ಎಂದರೆ ಅದಕ್ಕೆ ಇಬ್ಬರು ಕಾರಣ: ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು, ಹೊಸಪೇಟೆಯ ಒಬ್ಬ ಕಣ್ಣಿನ ಡಾಕ್ಟರು. ಕಣ್ಣು ಹೋಗುವ ಗತಿಗೆ ತಂದವರು ನನ್ನ ಸೋದರಮಾವ. ಮನೆಯ ವಿಷಯ, ಬರೆಯಬೇಡ ಎಂದು ಮನೆಯಲ್ಲಿ ಹೇಳಿದರು. ಬರೆಯದೆ ಇದ್ದರೆ ನಾಳೆ ಇನ್ನೊಬ್ಬರ ಕಣ್ಣು ಹೋಗುತ್ತದೆ.

ಎಮ್ಮಿಗನೂರಿನಲ್ಲಿ ನನ್ನದು ಗೊಬ್ಬರದಂಗಡಿ. ತುಂಗಭದ್ರೆಯ ಕಾಲುವೆ ನೀರು ಕುಡಿದ ನೆಲ ನಮ್ಮದು. ಕಾಲುವೆಗೆ ನಾಲ್ಕು ದಿನ ನೀರು ತಡವಾದರೆ ರೈತರು ಅಂಗಡಿ ಕಟ್ಟೆಯ ಮೇಲೆ ಬಂದು ತಲೆಮೇಲೆ ಕೈಹೊತ್ತು ಕೂರುತ್ತಾರೆ. ಅದೇ ಕಾಲುವೆ ದಾಟಿ ಬಂಡೆಗುಡ್ಡದ ಕಡೆ ಹೋದರೆ ಬೇರೆಯೇ ಲೋಕ. ಶಿವರಾತ್ರಿಯಿಂದ ಮುಂಗಾರಿನವರೆಗೆ ಹನಿ ನೀರು ಕಾಣದೆ, ಕೈಯಿಟ್ಟರೆ ಸುಡುವ ಕಲ್ಲಿನ ಸಂದಿಯಲ್ಲಿ ಕಳ್ಳಿ ಹಸಿರಾಗಿ ನಿಂತಿರುತ್ತದೆ. ಭತ್ತದ ಜನರ ನಡುವೆ ಬೆಳೆದ ನನಗೆ ಈ ಗಿಡಗಳ ಹುಚ್ಚು ಹಿಡಿದದ್ದು ಹೀಗೆ.

ನಮ್ಮ ಗುಡ್ಡಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಏಣಿನ ದಪ್ಪ ಕಳ್ಳಿ, ಶಾಸ್ತ್ರದ ಹೆಸರು ಯುಫೋರ್ಬಿಯಾ ಆಂಟಿಕೋರಮ್. ಇದನ್ನು ಎಲ್ಲರೂ ಕ್ಯಾಕ್ಟಸ್ ಎನ್ನುತ್ತಾರೆ, ಅಲ್ಲ. ಕ್ಯಾಕ್ಟಸ್ ಜಾತಿಯೆಲ್ಲ ಹೆಚ್ಚುಕಡಿಮೆ ಅಮೆರಿಕ ಖಂಡಗಳ ಕಡೆಯದು. ನಮ್ಮ ಬೇಲಿಗಳಲ್ಲಿರುವ ಪಾಪಾಸುಕಳ್ಳಿ ಅಂಥದ್ದು, ಹೊರಗಿನಿಂದ ಬಂದದ್ದು. ಅದು ಹೊಲಗದ್ದೆಗಳನ್ನೆಲ್ಲ ನುಂಗುವಷ್ಟು ಹಬ್ಬಿದಾಗ 1926ರಲ್ಲಿ ದಕ್ಷಿಣ ಭಾರತಕ್ಕೆ ಕಾಚಿನೀಲ್ ಜಾತಿಯ ಒಂದು ಕೀಟ ತಂದು ಬಿಟ್ಟು ಅದನ್ನು ಹದ್ದುಬಸ್ತಿಗೆ ತಂದರು. ಪಾಪಾಸುಕಳ್ಳಿ ಮುರಿದರೆ ನೀರಿನಂಥ ರಸ ಬರುತ್ತದೆ. ನಮ್ಮ ಗುಡ್ಡದ ಕಳ್ಳಿ ಗೀರಿದರೆ ಬಿಳಿ ಹಾಲು. ದೂರದಿಂದ ಒಂದೇ ಥರ ಕಂಡರೂ ಇವು ನಂಟಿಲ್ಲದ ಗಿಡಗಳು. ಬರಗಾಲ ಎರಡಕ್ಕೂ ಒಂದೇ ಪಾಠ ಕಲಿಸಿದೆ: ಎಲೆ ತೊರೆ, ಕಾಂಡದಲ್ಲೇ ನೀರು ಕೂಡಿಡು, ಹಗಲು ಬಾಯಿ ಮುಚ್ಚು. ಇಂಥ ಗಿಡಗಳು ಬಿಸಿಲಲ್ಲಿ ತಮ್ಮ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಗಾಳಿ ಎಳೆದುಕೊಂಡು, ಆಮ್ಲದ ರೂಪದಲ್ಲಿ ಕೂಡಿಟ್ಟು ಹಗಲು ಅಡುಗೆ ಮಾಡುತ್ತವೆ. ಅಷ್ಟು ಕಷ್ಟಪಟ್ಟು ಉಳಿಸಿದ ನೀರನ್ನು ಮೇಯಲು ಬಂದ ಆಡಿಗೆ ಸುಲಭವಾಗಿ ಬಿಟ್ಟುಕೊಡುತ್ತವೆಯೇ? ಅದಕ್ಕೇ ಮುಳ್ಳು, ಅದಕ್ಕೇ ವಿಷದ ಹಾಲು.

ಈ ಹುಚ್ಚು ನನ್ನನ್ನು ಜೋಧಪುರದವರೆಗೂ ಕರೆದೊಯ್ದಿತು. ಕಂಪ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾರವಾಡಿ ಸ್ನೇಹಿತರ ಮಗಳ ಮದುವೆ ಆ ಕಡೆ ಇತ್ತು. ಹುಬ್ಬಳ್ಳಿಯಿಂದ ರೈಲು ಹತ್ತಿದೆ. ಅಲ್ಲಿ ಖೇಜ್ಡಿ ಎಂದು ಕೈಮುಗಿಯುವ ಮರ ನೋಡಿದರೆ, ನಮ್ಮ ದಸರೆಯ ಬನ್ನಿ! ಮದುವೆ ಊಟದಲ್ಲಿ ಬಡಿಸಿದ ಸಾಂಗ್ರಿ ಪಲ್ಯ ಇದೇ ಬನ್ನಿಯ ಎಳೆಗಾಯಿ. ಜೋಧಪುರಕ್ಕೆ ಹತ್ತಿರದ ಖೇಜಡ್ಲಿ ಊರಿನಲ್ಲಿ 1730ರಲ್ಲಿ ಅರಮನೆಗೆ ಸುಣ್ಣ ಸುಡಲು ಈ ಮರ ಕಡಿಯಲು ಬಂದವರನ್ನು ಬಿಷ್ಣೋಯಿ ಜನ ತಡೆದರು. ಅಮೃತಾದೇವಿ ಮೊದಲಾಗಿ 363 ಜನ ಮರ ತಬ್ಬಿಕೊಂಡೇ ಪ್ರಾಣ ಬಿಟ್ಟರು. ನಾವು ವಿಜಯದಶಮಿಯ ದಿನ ಬಂಗಾರವೆಂದು ಎಲೆ ಹಂಚಿ, ಮರುದಿನ ಅದೇ ಮರದ ಬುಡಕ್ಕೆ ಕೊಡಲಿ ಹಾಕುತ್ತೇವೆ.

ಜೋಧಪುರದ ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನವಿದೆ. ಸುಮಾರು 70 ಹೆಕ್ಟೇರ್ ಕಲ್ಲುನೆಲ. 2006ರಲ್ಲಿ ಕೆಲಸ ಶುರುವಾದಾಗ ಅದರ ತುಂಬ ಇದ್ದದ್ದು ನಮ್ಮ ಬಳ್ಳಾರಿ ಜಾಲಿ. ಮೆಕ್ಸಿಕೊ, ಕೆರಿಬಿಯನ್ ಕಡೆಯ ಈ ಗಿಡವನ್ನು ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳು ಸೌದೆಗೆಂದು ತರಿಸಿ 1877ರಲ್ಲಿ ಕಡಪಾ ಜಿಲ್ಲೆಯ ಕಮಲಾಪುರಂನಲ್ಲಿ ನೆಟ್ಟರು. ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಜೋಧಪುರದಲ್ಲಿ 1930ರ ದಶಕದಲ್ಲಿ ಮಹಾರಾಜರೇ ವಿಮಾನದಿಂದ ಇದರ ಬೀಜ ಚೆಲ್ಲಿಸಿದರು ಎನ್ನುತ್ತಾರೆ. ಕಡಿದರೆ ಮತ್ತೆ ಚಿಗುರುವ ಈ ಜಾಲಿಯನ್ನು ಕಲ್ಲುಗಣಿ ಕೆಲಸಗಾರರು ಬಂಡೆಯನ್ನು ಬಡಿದು, ಸದ್ದು ಆಲಿಸಿ, ಬಿರುಕು ಹುಡುಕಿ, ಉಳಿ ಸುತ್ತಿಗೆಯಿಂದ ಬೇರುಸಹಿತ ಕಿತ್ತರು. ಆ ಗುಂಡಿಗಳಲ್ಲೇ ಮರುಭೂಮಿಯ ನಾಡಗಿಡಗಳನ್ನು ನೆಟ್ಟರು. ಅಲ್ಲಿ ಥೋರ್ ಎಂಬ ಕಳ್ಳಿ ಪೊದೆಪೊದೆಯಾಗಿ ಬೆಳೆದಿದೆ, ನಮ್ಮ ಕಳ್ಳಿಯ ಅಣ್ಣತಮ್ಮ. ಹತ್ತಿರ ಹೋಗಿ ಬಗ್ಗಿದಾಗ ದಾರಿ ತೋರಿಸುತ್ತಿದ್ದ ಹುಡುಗ ನನ್ನ ತೋಳು ಹಿಡಿದು ಹಿಂದಕ್ಕೆಳೆದ. ಇದರ ಹಾಲು ಕಣ್ಣಿಗೆ ಬಿದ್ದು ಕುರುಡಾದ ದನಗಾಹಿಗಳನ್ನು ನೋಡಿದ್ದೇನೆ ಎಂದ. ಆ ಮಾತನ್ನು ಊರಿಗೆ ಬಂದು ಎಲ್ಲರಿಗೂ ಹೇಳಿದ್ದೆ. ಮಾವನಿಗೆ ಎಲ್ಲರಿಗಿಂತ ಹೆಚ್ಚು ಸಲ ಹೇಳಿದ್ದೆ.

ಮನೆ ಹೊಸದಾಗಿ ಕಟ್ಟಿಸಿದ್ದೆ, ಶ್ರಾವಣದಲ್ಲಿ ಗೃಹಪ್ರವೇಶ. ಬಾಗಿಲಿಗೆ ದೃಷ್ಟಿ ತಾಗದಿರಲೆಂದು ಕಳ್ಳಿ ತಲೆಕೆಳಗಾಗಿ ಕಟ್ಟುವುದು ನಮ್ಮ ಕಡೆಯ ವಾಡಿಕೆ. ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗೇ ಇರುತ್ತದಲ್ಲ, ಅದರ ಮೇಲೆ ಜನರಿಗೆ ನಂಬಿಕೆ. ಅವತ್ತು ನಾನು ಕಂಪ್ಲಿ ರಸ್ತೆಯ ಮಾಲ್ಯವಂತ ಗುಡ್ಡದ ಆಚೆಯ ಒಂದು ಬಂಡೆಗುಡ್ಡಕ್ಕೆ ಹೊರಟದ್ದು ಬೇರೆ ಕೆಲಸಕ್ಕೆ. ಮಳೆ ಬಿದ್ದ ಮೇಲೆ ಅಲ್ಲಿ ಕ್ಯಾರಲ್ಲೂಮಾ ಹೂಬಿಡುತ್ತದೆ. ಬೆರಳು ದಪ್ಪದ, ನಾಲ್ಕು ಏಣಿನ ಕಾಂಡ. ತುದಿಯಲ್ಲಿ ಬಗ್ಗಿ ತೂಗುವ, ಉಗುರಿನಷ್ಟು ಚಿಕ್ಕ ಕಡುನೇರಳೆ ಹೂ. ದಳದ ಅಂಚಿನಲ್ಲಿ ನವಿರು ಕೂದಲು. ಗಾಳಿ ಇಲ್ಲವೆನಿಸುವ ಹೊತ್ತಿನಲ್ಲೂ ಅವು ನಡುಗುತ್ತಿರುತ್ತವೆ. ಕುರಿ ಕಾಯುವವರು ಹಸಿವಾದಾಗ ಈ ಕಾಂಡವನ್ನು ಹಸಿಯಾಗೇ ಅಗಿಯುತ್ತಾರೆ. ಅದರ ಫೋಟೊ ತೆಗೆಯಬೇಕಿತ್ತು. ಮಾವ ತಾನೂ ಬರುತ್ತೇನೆಂದು ಬೈಕಿನ ಹಿಂದೆ ಕುಳಿತರು. ಚೀಲದಲ್ಲಿ ಕುಡುಗೋಲು ಇದ್ದದ್ದು ನನಗೆ ಗೊತ್ತಾದದ್ದು ಗುಡ್ಡ ಹತ್ತಿದ ಮೇಲೆ.

ಮೇಲೆ ಕುಳಿತು ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ನಾನು ಫೋಟೊ ತೆಗೆಯಲು ಆಚೆ ಸರಿದಾಗ ಮಾವ ನಾನು ಹೊತ್ತು ತಂದಿದ್ದ ನೀರಿನಲ್ಲಿ ಕೈ, ಮುಖ, ಕಾಲು ತೊಳೆದುಕೊಂಡರು. ನೋಡುವಷ್ಟರಲ್ಲಿ ಕಳ್ಳಿಯ ಬುಡದಲ್ಲಿ ನಿಂತಿದ್ದರು. “ಮಾವಾ, ಬ್ಯಾಡ. ಬೇಕಾದ್ರ ಪ್ಯಾಟಿಯೊಳಗ ಮಾರ್ತಾರ, ತರೋಣ” ಎಂದೆ. “ಸುಮ್ನಿರೋ, ನಮ್ಮಪ್ಪನ ಕಾಲದಿಂದ ಕಡಿದು ಕಟ್ಟೀವಿ. ಒಂದು ಗಿಡಕ್ಕ ಅಂಜ್ತಿಯಲ್ಲ” ಎಂದರು. ಮೊದಲ ಏಟಿಗೆ ಕೊಂಬೆ ಬಾಗಿತು, ತುಂಡಾಗಲಿಲ್ಲ. ಗಾಯದುದ್ದಕ್ಕೂ ಬಿಳಿ ಹನಿಗಳು ಸಾಲಾಗಿ ಮೂಡಿ ಒಂದಕ್ಕೊಂದು ಸೇರಿ ಇಳಿಯತೊಡಗಿದವು. ಕೈ ಹಿಡಿಯಲೆಂದು ಹತ್ತಿರ ಓಡಿದೆ. ಅಷ್ಟರಲ್ಲಿ ಎರಡನೇ ಏಟು ಬಿತ್ತು. ಕೊಂಬೆ ಚಿಮ್ಮಿತು, ಹಾಲು ನನ್ನ ಕೆನ್ನೆಗೂ ಎಡಗಣ್ಣಿಗೂ ಸಿಡಿಯಿತು.

ಮೊದಲಿಗೆ ತಣ್ಣಗೆ ಅನಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಡಗಿ ಮೆಣಸಿನಪುಡಿ ತುಂಬಿ ಉಜ್ಜಿದಂತಾಯಿತು. ರೆಪ್ಪೆ ತೆರೆಯಲು ಆಗುತ್ತಿಲ್ಲ. ತೆರೆಯದಿದ್ದರೆ ಒಳಗಿನ ಉರಿ ತಡೆಯಲಾಗುತ್ತಿಲ್ಲ. “ನೀರು, ನೀರು” ಎಂದು ಕೂಗಿದೆ. ಬಾಟಲಿಯಲ್ಲಿ ಉಳಿದಿದ್ದದ್ದು ಎರಡು ಗುಟುಕು. ಮಾವ ತಮ್ಮ ಟವೆಲ್ಲಿನಿಂದ ಕಣ್ಣು ಒರೆಸಲು ಬಂದರು. ಕುಡುಗೋಲಿನ ಹಾಲನ್ನು ಒರೆಸಿದ್ದೂ ಅದೇ ಟವೆಲ್ಲಿನಲ್ಲಿ! ತಳ್ಳುವ ಮುಂಚೆಯೇ ಅದು ಮುಖಕ್ಕೆ ತಾಗಿ ಬಲಗಣ್ಣೂ ಉರಿಯತೊಡಗಿತು. ಎರಡೂ ಕಣ್ಣು ಮುಚ್ಚಿದವು. ಸುತ್ತ ಬಂಡೆ, ಕೆಳಗೆ ಇಳಿಜಾರು, ಮೇಲೆ ಬಿಸಿಲು. ಹತ್ತುವಾಗ ನೋಡಿದ್ದ ಒಂದೊಂದು ಕಲ್ಲನ್ನೂ ನೆನಪಿಸಿಕೊಳ್ಳುತ್ತ, ಕುಳಿತು, ಅಂಗೈ ಊರಿ, ಜಾರಿಕೊಂಡು ಇಳಿದೆ. ಮಾವ ಪಕ್ಕದಲ್ಲಿ “ಏನಾಗಲ್ಲ, ಮನಿಗೆ ಹೋಗಿ ಹರಳೆಣ್ಣಿ ಬಿಟ್ರ ಸರಿಹೋಗ್ತದ” ಎನ್ನುತ್ತಲೇ ಇದ್ದರು. ಜಾಲಿ ಮುಳ್ಳು ಅಂಗೈಗೆ ನೆಟ್ಟಿದ್ದು ನನಗೆ ತಿಳಿದದ್ದು ರಾತ್ರಿ. ಇಳಿಯುವಾಗ ಮನಸ್ಸಿನಲ್ಲಿದ್ದದ್ದು ಒಂದೇ: ಇನ್ನು ಮಕ್ಕಳ ಮುಖ ನೋಡುತ್ತೇನೋ ಇಲ್ಲವೋ.

ಗುಡ್ಡದ ಬುಡದಲ್ಲಿ ನಾಟಿ ನಡೆಯುತ್ತಿತ್ತು. ಮಾವನ ಕೂಗು ಕೇಳಿ ಒಬ್ಬ ಹೆಣ್ಣುಮಗಳು ಬದುವಿನ ಮೇಲಿದ್ದ ಕುಡಿಯುವ ನೀರಿನ ಕೊಡ ಎತ್ತಿಕೊಂಡು ಓಡಿ ಬಂದಳು. “ಕಣ್ ಬಿಡ್ರಿ ಅಣ್ಣಾ, ಎಷ್ಟುರಿದ್ರೂ ಬಿಡ್ರಿ” ಎನ್ನುತ್ತ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಎಡಗೈಯಿಂದ ರೆಪ್ಪೆ ಅಗಲಿಸಿ, ಮೂಗಿನ ಕಡೆಯಿಂದ ಹೊರಗಡೆಗೆ ಹರಿಯುವಂತೆ ಸಣ್ಣ ಧಾರೆಯಾಗಿ ಸುರಿದಳು. ಒಂದು ಕೊಡ ಮುಗಿದರೆ ಇನ್ನೊಂದು. ಕೆಲಸದವರ ದಿನದ ಕುಡಿಯುವ ನೀರೆಲ್ಲ ನನ್ನ ಕಣ್ಣಿಗೆ ಹೋಯಿತು, ಯಾರೂ ಒಂದು ಮಾತಾಡಲಿಲ್ಲ. ಅವಳ ಹೆಸರು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಟೊದಲ್ಲಿ ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಕಿಟಕಿಯಲ್ಲಿ ಕುಳಿತವನು “ಚೀಟಿ ಮಾಡಿಸ್ರಿ, ಆಧಾರ್ ಕೊಡ್ರಿ” ಎಂದ. ಆಧಾರ್ ಇರಲಿಲ್ಲ. “ಊಟದ ಟೈಮು, ಕೂಡ್ರಿ” ಎಂದ. ಉರಿಯುವ ಕಣ್ಣಿಗೆ ಇನ್ನಷ್ಟು ನೀರು ಹಾಕಲು ಒಂದು ಜಗ್ ಕೇಳಿದರೆ ಅದನ್ನೂ ಕೊಡಲಿಲ್ಲ. ಕಣ್ಣು ಮುಚ್ಚಿ ಗೋಡೆ ತಡಕಾಡುತ್ತಿರುವ ಮನುಷ್ಯನಿಗೆ ಮೊದಲು ಕಾಗದ ಕೇಳುವವರು ಆ ಕುರ್ಚಿಗೆ ಲಾಯಕ್ಕಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಮಾವನಂತೂ ಅಲ್ಲಿಂದ ಊರಿಗೇ ಹೋಗೋಣ ಎಂದು ಹಟ ಹಿಡಿದರು. ಊರಲ್ಲಿ ಕಣ್ಣಿಗೆ ಔಷಧಿ ಬಿಡುವವರಿಗೆ ಆಗಲೇ ಫೋನು ಹೋಗಿತ್ತು. ನಾನು ಆಟೊದವನ ಭುಜ ಹಿಡಿದು, ಹೊಸಪೇಟೆಗೆ ನಡೆ ಎಂದೆ.

ಹೊಸಪೇಟೆಯ ಡಾಕ್ಟರು ಮಾತಾಡುವ ಮೊದಲು ಮತ್ತೆ ಕಣ್ಣು ತೊಳೆದರು. ಕಿತ್ತಳೆ ಬಣ್ಣದ ಔಷಧಿ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರು. ಕಾರ್ನಿಯಾದ ಮೇಲ್ಪದರ ಕಿತ್ತುಹೋದ ಕಡೆಯೆಲ್ಲ ಅದು ಹಸಿರಾಗಿ ಹೊಳೆಯುತ್ತದಂತೆ. “ನೀರು ಹಾಕಿದ್ದು ನಿಮ್ಮ ಪುಣ್ಯ. ಆದರೂ ರಾತ್ರಿ ಇನ್ನಷ್ಟು ಮಂಜಾಗುತ್ತದೆ, ಗಾಬರಿಯಾಗಬೇಡಿ” ಎಂದರು. ಅವರು ಹೇಳಿದಂತೆಯೇ ಆಯಿತು. ಕಳ್ಳಿಹಾಲಿನ ಗುಣವೇ ಅದು, ತೊಳೆದ ಮೇಲೂ ಕೆಲವು ಗಂಟೆ ಒಳಗೆ ಕೆಲಸ ಮಾಡುತ್ತಿರುತ್ತದೆ. ಮೊದಲ ದಿನ ಪರವಾಗಿಲ್ಲವೆಂದು ಸುಮ್ಮನಾದವರೇ ಕಣ್ಣು ಕಳೆದುಕೊಳ್ಳುವುದು. ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕರಿಗೆ ಒಂದೆರಡು ವಾರದಲ್ಲಿ ದೃಷ್ಟಿ ಮರಳುತ್ತದೆ. ನನಗೂ ಮರಳಿತು.

ಕಣ್ಣು ವಾಸಿಯಾಗಿ ಕತ್ತಲ ಕೋಣೆಯಿಂದ ಹೊರಬಂದಾಗ ಮನೆಯ ಬಾಗಿಲ ಮೇಲೆ ಅದೇ ಕಳ್ಳಿ ತೂಗುತ್ತಿತ್ತು. ಮಾವ ತಂದು ಕಟ್ಟಿದ್ದರು. “ಮೊದಲೇ ಕಟ್ಟಿದ್ರ ಹಿಂಗಾಗ್ತಿರಲಿಲ್ಲ” ಎಂದು ಇವತ್ತಿಗೂ ಹೇಳುತ್ತಾರೆ. ಹಿರಿಯರು, ಎದುರು ಮಾತಾಡುವಂತಿಲ್ಲ. ಅದನ್ನು ಇಳಿಸಿ ಹಿತ್ತಲಿನ ಮೂಲೆಯಲ್ಲಿ ನೆಟ್ಟು ಸುತ್ತ ಕಲ್ಲು ಜೋಡಿಸಿದೆ. ಬೇರು ಬಿಟ್ಟು ಬೆಳೆಯುತ್ತಿದೆ. ತಪ್ಪು ಅದರದ್ದಲ್ಲ.

ಗುಡ್ಡಕ್ಕೆ ಹೋಗುವವರಿಗೆ ನನ್ನ ಮಾತು ಇಷ್ಟೇ. ಕುಡಿಯುವ ನೀರು ಬೇರೆ, ತುರ್ತಿಗೆ ನೀರು ಬೇರೆ, ಎರಡನೆಯದನ್ನು ಯಾರಿಗೂ ಮುಟ್ಟಲು ಕೊಡಬೇಡಿ. ಹಾಲು ಬರುವ ಯಾವ ಗಿಡಕ್ಕೂ, ಅದು ಗುಡ್ಡದ ಕಳ್ಳಿಯಾಗಲಿ, ಬೇಲಿಯ ಕಡ್ಡಿಗಳ್ಳಿಯಾಗಲಿ, ಎಕ್ಕವಾಗಲಿ, ಕನ್ನಡಕ, ಕೈಗವಸು ಇಲ್ಲದೆ ಕತ್ತಿ ಹಾಕಬೇಡಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ. ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ, ಯಾವ ಗಿಡವೆಂದು ಹೇಳಿ, ಫೋಟೊ ತೋರಿಸಿ. ಹನಿ ಔಷಧಿಯನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಂದು ಬಿಡಬೇಡಿ.

ಇನ್ನೊಂದು ಬೇಡಿಕೆ ನಮ್ಮ ಊರ ಜನರಲ್ಲಿ. ಇದನ್ನು ಓದಿ ಕಳ್ಳಿ ಕಡಿದು ಸುಡಲು ಹೊರಡಬೇಡಿ. ಅದು ಹೋದ ಜಾಗಕ್ಕೆ ಬರುವುದು ಬಳ್ಳಾರಿ ಜಾಲಿ, ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ದೃಷ್ಟಿಗೆ ಏನಾದರೂ ಕಟ್ಟಲೇಬೇಕು ಅನಿಸಿದರೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ. ಗುಡ್ಡದ ಕಳ್ಳಿಯನ್ನು ಗುಡ್ಡಕ್ಕೆ ಬಿಡಿ.